ಊರಲ್ಲಿಲ್ಲದ ಒಡೆಯರು

ಸ್ಯಾನ್ ಫ್ರಾನ್ಸಿಸ್ಕೊ ಬೇ ಏರಿಯಾದ ಕನ್ನಡ ಕುಟುಂಬಗಳ ಔತಣಕೂಟಗಳಲ್ಲಿ ಒಂದು ಕಥನ ಬಹುಕಾಲದಿಂದ ಚಲಾವಣೆಯಲ್ಲಿದೆ. ತಾತನಿಗೆ ಹೊಳೆಯ ದಂಡೆಯಲ್ಲಿ ಗದ್ದೆಯಿತ್ತು, ತೋಟವಿತ್ತು. ದೇವರಾಜ ಅರಸರ ಕಾಲದಲ್ಲಿ ಅದೆಲ್ಲ ಗೇಣಿದಾರರ ಪಾಲಾಯಿತು. ಉಳಿದದ್ದು ವಿದ್ಯೆಯೊಂದೇ, ಆ ವಿದ್ಯೆಯೇ ಅಮೆರಿಕಕ್ಕೆ ಕರೆತಂದಿತು. ಇದು ಕಥನದ ಸಾರ. ಇದರಲ್ಲಿ ಸತ್ಯಾಂಶವಿಲ್ಲವೆನ್ನಲಾಗದು. ದಕ್ಷಿಣ ಕನ್ನಡ, ಉತ್ತರ ಕನ್ನಡ, ಶಿವಮೊಗ್ಗಗಳಲ್ಲಿ ಎರಡು ಎಕರೆಯ ಗೇಣಿಯನ್ನೇ ನಂಬಿ ಬದುಕುತ್ತಿದ್ದ ವಿಧವೆಯರೂ ಆ ಕಾನೂನಿನಡಿ ಜಮೀನು ಕಳೆದುಕೊಂಡದ್ದುಂಟು. ಆದರೆ ಈ ಕಥನದಲ್ಲಿ ಒಂದು ಪಾತ್ರ ಯಾವಾಗಲೂ ಕಾಣೆಯಾಗಿರುತ್ತದೆ. ಮೂರು ತಲೆಮಾರು ಅದೇ ಗದ್ದೆಯಲ್ಲಿ ನೇಜಿ ನೆಟ್ಟು, ಗೇಣಿ ಅಳೆದುಕೊಟ್ಟು, ಯಾವಾಗ ಎಬ್ಬಿಸುತ್ತಾರೋ ಎಂಬ ಭಯದಲ್ಲೇ ಬದುಕಿದ ಒಕ್ಕಲಿನವನ ಹೆಸರು ಹೇಳುವವನ ನೆನಪಿಗೆ ಬರುವುದಿಲ್ಲ.

ಇದೇ ಮಾತಿನ ಮುಂದುವರಿಕೆಯಾಗಿ ಇನ್ನೊಂದು ಅಭಿಪ್ರಾಯ ಬರುತ್ತದೆ: ರಾಜಕಾರಣಿಗಳ ಕೈಯಿಂದ ತಪ್ಪಿಸಿ ಸಮರ್ಥ ಅಧಿಕಾರಿಗಳ ಕೈಗೆ ಕೃಷಿಯನ್ನು ಒಪ್ಪಿಸಿದರೆ ಎಲ್ಲವೂ ಸರಿಯಾಗುತ್ತದೆ, ಭೂಮಿ ಅದನ್ನು ಚೆನ್ನಾಗಿ ಬಳಸಬಲ್ಲವರ ಕೈಗೆ ತಾನಾಗಿಯೇ ಸೇರುತ್ತದೆ. ತಂತ್ರಜ್ಞಾನದ ಉದ್ಯೋಗದಲ್ಲಿರುವ ವರ್ಗಕ್ಕೆ ಸಹಜವಾದ ನಂಬಿಕೆಯಿದು. ವಿಚಿತ್ರವೆಂದರೆ, ಈ ನಂಬಿಕೆಯನ್ನು ಪರೀಕ್ಷಿಸುವುದಕ್ಕೆ ಬೇಕಾದ ಇತಿಹಾಸ ಇದನ್ನು ಆಡುವವರ ಮನೆಯ ಸುತ್ತಮುತ್ತಲೇ ನಡೆದುಹೋಗಿದೆ. ಒಬ್ಬ ದಕ್ಷ, ಉದಾರವಾದಿ ಕೃಷಿ ಅಧಿಕಾರಿ ಒಂದೇ ದಶಕದಲ್ಲಿ ಒಂದು ಕಡೆ ರೈತರ ಹೊಲಗಳನ್ನು ಬೇರೆಯವರ ಕೈಗೆ ದಾಟಿಸುವ ಕೆಲಸವನ್ನೂ, ಇನ್ನೊಂದು ಕಡೆ ಉಳುವವನಿಗೆ ಹೊಲ ಕೊಡಿಸುವ ಕೆಲಸವನ್ನೂ ಮಾಡಿದ.

ಆತನ ಹೆಸರು ಲಾರೆನ್ಸ್ ಹ್ಯೂಸ್. ರೂಸ್‌ವೆಲ್ಟರ ನ್ಯೂ ಡೀಲ್ ಕಾಲದ ಫಾರ್ಮ್ ಸೆಕ್ಯುರಿಟಿ ಅಡ್ಮಿನಿಸ್ಟ್ರೇಷನ್ ಎಂಬ ಸಂಸ್ಥೆಯ ಸ್ಯಾನ್ ಫ್ರಾನ್ಸಿಸ್ಕೊ ಪ್ರಾದೇಶಿಕ ನಿರ್ದೇಶಕ. ಅಮೆರಿಕದ ಅಧಿಕಾರಶಾಹಿಯಲ್ಲಿ ಬಡ ರೈತನ ಪರವಾಗಿ ನಿಂತ ಸಂಸ್ಥೆಗಳನ್ನು ಎಣಿಸುವುದಾದರೆ ಇದರ ಹೆಸರು ಮೊದಲು ಬರಬೇಕು. ಧೂಳಿನ ಬಿರುಗಾಳಿಗೆ ನೆಲೆ ಕಳೆದುಕೊಂಡು ಒಕ್ಲಹೋಮದಿಂದ ಕ್ಯಾಲಿಫೋರ್ನಿಯಕ್ಕೆ ಗುಳೆ ಬಂದ ಕೂಲಿಗಳಿಗೆ ವಸತಿ ಶಿಬಿರಗಳನ್ನು ಕಟ್ಟಿದ್ದು, ಬ್ಯಾಂಕು ತಿರಸ್ಕರಿಸಿದ ರೈತನಿಗೆ ಸಾಲ ಕೊಟ್ಟದ್ದು ಈ ಸಂಸ್ಥೆಯೇ. ಬರ್ಕ್ಲಿಯ ಡೊರೊಥಿಯಾ ಲ್ಯಾಂಗ್ ಗುಳೆ ಬಂದ ಕುಟುಂಬಗಳ ಆ ಪ್ರಸಿದ್ಧ ಛಾಯಾಚಿತ್ರಗಳನ್ನು ತೆಗೆದದ್ದೂ ಇದರ ಕೆಲಸವಾಗಿಯೇ. ದೊಡ್ಡ ಭೂಮಾಲೀಕರ ಸಂಘಗಳಿಗೆ ಇದು ಕಣ್ಣುರಿಯಾಗಿತ್ತು. ಹ್ಯೂಸ್ ಆ ಕಣ್ಣುರಿಗೆ ಹೆದರಿದ ಅಧಿಕಾರಿಯಲ್ಲ.

1942ರ ಫೆಬ್ರವರಿ 19ರಂದು ರೂಸ್‌ವೆಲ್ಟ್ 9066ನೆಯ ಆದೇಶಕ್ಕೆ ಸಹಿ ಹಾಕಿದರು. ಪಶ್ಚಿಮ ಕರಾವಳಿಯ ಸುಮಾರು 1,20,000 ಜಪಾನೀ ಮೂಲದವರನ್ನು, ಅವರಲ್ಲಿ ಮೂರರಲ್ಲಿ ಎರಡು ಪಾಲು ಜನ ಅಮೆರಿಕದಲ್ಲೇ ಹುಟ್ಟಿದ ನಾಗರಿಕರಾಗಿದ್ದರೂ, ಮನೆಮಠ ಬಿಡಿಸಿ ಶಿಬಿರಗಳಿಗೆ ಸಾಗಿಸಲಾಯಿತು. ಕೊಲ್ಲಿ ಪ್ರದೇಶದವರಲ್ಲಿ ಹೆಚ್ಚಿನವರನ್ನು ಮೊದಲು ಇಟ್ಟದ್ದು ಸ್ಯಾನ್ ಬ್ರೂನೊದ ಟ್ಯಾನ್‌ಫೊರಾನ್ ಕುದುರೆ ಪಂದ್ಯದ ಮೈದಾನದಲ್ಲಿ. ಕುದುರೆಗಳನ್ನು ಹೊರಗಟ್ಟಿ, ಲಾಯದ ಗೋಡೆಗೆ ಸುಣ್ಣ ಬಳಿದು, ಅದರೊಳಗೆ ಸಂಸಾರಗಳನ್ನು ಇಳಿಸಿದರು. ಮುಂದೆ ಅಲ್ಲಿ ಶಾಪಿಂಗ್ ಮಾಲ್ ಎದ್ದಿತು. ಪಕ್ಕದ ಬಾರ್ಟ್ ನಿಲ್ದಾಣದಲ್ಲಿ ದಿನವೂ ರೈಲು ಹತ್ತುವವರಲ್ಲಿ ಕನ್ನಡಿಗರೂ ಇದ್ದಾರೆ.

ಜನರನ್ನು ಸಾಗಿಸಿದ ಮೇಲೆ ಹೊಲಗಳ ಗತಿಯೇನು? ಕ್ಯಾಲಿಫೋರ್ನಿಯದ ತರಕಾರಿ ಬೆಳೆಯಲ್ಲಿ ಮೂರನೆಯ ಒಂದಕ್ಕಿಂತ ದೊಡ್ಡ ಪಾಲು ಜಪಾನೀ ರೈತರ ದುಡಿಮೆಯದು. ಸ್ಯಾಂಟಾ ಕ್ಲಾರಾ ಕಣಿವೆಯ ಸ್ಟ್ರಾಬೆರಿ, ಮೌಂಟನ್ ವ್ಯೂ ಮತ್ತು ರೆಡ್‌ವುಡ್ ಸಿಟಿಗಳ ಸೇವಂತಿಗೆ, ಹೇವರ್ಡ್ ಕಡೆಯ ಹಸಿರುಮನೆಗಳು ಎಲ್ಲವೂ ಕೊಯ್ಲಿಗೆ ಸಿದ್ಧವಾಗುತ್ತಿದ್ದ ವಸಂತಕಾಲ ಅದು. ಯುದ್ಧಕಾಲದಲ್ಲಿ ಫಸಲು ನಿಲ್ಲಕೂಡದು. ಸೇನೆ ಈ ಹೊಲಗಳಿಗೆಲ್ಲ ಹೊಸ ಸಾಗುವಳಿದಾರರನ್ನು ಹುಡುಕುವ ಹೊಣೆಯನ್ನು ಫಾರ್ಮ್ ಸೆಕ್ಯುರಿಟಿಗೆ, ಅಂದರೆ ಹ್ಯೂಸ್ ಅವರ ಕಚೇರಿಗೆ, ವಹಿಸಿತು. ಮಾರ್ಚ್ ಮಧ್ಯದಿಂದ ಮೇ ಕೊನೆಯೊಳಗೆ, ಎರಡೂವರೆ ತಿಂಗಳಲ್ಲಿ, ಆರು ಸಾವಿರಕ್ಕೂ ಹೆಚ್ಚು ಹಿಡುವಳಿಗಳು, ಎರಡು ಲಕ್ಷ ಎಕರೆಗೂ ಮಿಕ್ಕ ಭೂಮಿ, ಈ ಕಾರ್ಯಕ್ರಮದಡಿ ಕೈಬದಲಾಯಿತು. ಹೊಸದಾಗಿ ಬಂದವರಿಗೆ ಸರ್ಕಾರಿ ಸಾಲ ಸಿಕ್ಕಿತು. ಹೊರಡಬೇಕಾದವರಿಗೆ, ಕೊನೆಯ ದಿನದವರೆಗೂ ಬೆಳೆಗೆ ನೀರು ಬಿಡಬೇಕು, ಬೆಳೆ ಹಾಳುಗೆಡವಿದರೆ ಅದನ್ನು ಬುಡಮೇಲು ಕೃತ್ಯವೆಂದು ಪರಿಗಣಿಸಲಾಗುವುದು ಎಂಬ ಎಚ್ಚರಿಕೆ ಸಿಕ್ಕಿತು. ಹ್ಯೂಸ್ ಕಚೇರಿ ಕೊನೆಯಲ್ಲಿ ಒಂದು ಅಚ್ಚುಕಟ್ಟಾದ ವರದಿಯನ್ನೂ ಸಲ್ಲಿಸಿತು.

ಇದರಲ್ಲಿ ದುರುದ್ದೇಶ ಯಾರದು ಎಂದು ಹುಡುಕಿದರೆ ಅದು ಮುಚ್ಚುಮರೆಯಿಲ್ಲದೆ ಕಾಣುತ್ತದೆ. ಸಲೀನಾಸ್ ಕಣಿವೆಯ ತರಕಾರಿ ಬೆಳೆಗಾರರ ಸಂಘದ ಪದಾಧಿಕಾರಿಯೊಬ್ಬ ಅದೇ ವರ್ಷ ರಾಷ್ಟ್ರೀಯ ಪತ್ರಿಕೆಯೊಂದಕ್ಕೆ, ಜಪಾನೀಯರನ್ನು ಓಡಿಸಬೇಕೆನ್ನುವುದು ಸ್ವಾರ್ಥದಿಂದಲೇ ಎಂದು ನಾಚಿಕೆಯಿಲ್ಲದೆ ಒಪ್ಪಿಕೊಂಡಿದ್ದ. ಹ್ಯೂಸ್ ಆ ಜಾತಿಯ ಮನುಷ್ಯನಲ್ಲ. ಅವರ ಇಲಾಖೆ ಹೊರಡುವವರಿಗೆ ಒಂದಿಷ್ಟು ನ್ಯಾಯವಾದ ಬೆಲೆ ಸಿಗಲೆಂದು ಪ್ರಯತ್ನಿಸಿದ್ದೂ ನಿಜ. ಆದರೆ ಆ ಪ್ರಯತ್ನದ ಚೌಕಟ್ಟನ್ನು ಹಾಕಿದವರು ಬೇರೆ. ಹೊಲ ಯಾರಿಗೆ ಸೇರಬೇಕೆಂದು ತೀರ್ಮಾನಿಸುವ ಮೇಜಿನ ಸುತ್ತ ಸೇನಾಧಿಕಾರಿಯಿದ್ದ, ಬ್ಯಾಂಕಿನವನಿದ್ದ, ಕೃಷಿ ಇಲಾಖೆಯವನಿದ್ದ. ಬೆಳೆದವನಿಗೆ ಅಲ್ಲಿ ಕುರ್ಚಿಯಿರಲಿಲ್ಲ. ಅಂಥ ಮೇಜಿನಲ್ಲಿ ಒಳ್ಳೆಯ ಅಧಿಕಾರಿ ಮಾಡಬಲ್ಲದ್ದು ದಾಖಲೆಗಳನ್ನು ಸರಿಯಾಗಿ ಇಡುವುದಷ್ಟೇ.

ಬೆಳೆದವನಿಗೆ ಹೊಲದ ಮೇಲೆ ಹಕ್ಕೇ ಇರದಂತೆ ಮೊದಲೇ ನೋಡಿಕೊಳ್ಳಲಾಗಿತ್ತು ಎಂಬುದನ್ನೂ ಇಲ್ಲಿ ಹೇಳಬೇಕು. 1913ರ ಕ್ಯಾಲಿಫೋರ್ನಿಯ ಕಾನೂನು, ಪೌರತ್ವಕ್ಕೆ ಅರ್ಹರಲ್ಲದ ವಿದೇಶೀಯರು ಕೃಷಿಭೂಮಿ ಕೊಳ್ಳುವುದನ್ನು ನಿಷೇಧಿಸಿತು. 1920ರಲ್ಲಿ ಅದನ್ನು ಗೇಣಿಗೂ ವಿಸ್ತರಿಸಿದರು. ಏಷ್ಯನ್ನರಿಗೆ ಪೌರತ್ವವಿಲ್ಲ, ಆದ್ದರಿಂದ ಏಷ್ಯನ್ನರಿಗೆ ಹೊಲವೂ ಇಲ್ಲ. 1923ರಲ್ಲಿ ಭಗತ್ ಸಿಂಗ್ ತಿಂದ್ ಎಂಬಾತನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಭಾರತೀಯರೂ ಪೌರತ್ವಕ್ಕೆ ಅನರ್ಹರೆಂದಾಗ ಇಲ್ಲಿನ ಪಂಜಾಬಿ ರೈತರಿಗೂ ಇದೇ ಗತಿಯಾಯಿತು. ಜಪಾನೀ ತಂದೆತಾಯಿಯರು ಅಮೆರಿಕದಲ್ಲಿ ಹುಟ್ಟಿದ ಮಕ್ಕಳ ಹೆಸರಿನಲ್ಲಿ ಭೂಮಿ ಕೊಂಡು ಹೇಗೋ ದಿನ ದೂಡಿದರು. ಅದನ್ನೂ ವಂಚನೆಯೆಂದು ಸಾಧಿಸಿ ಭೂಮಿ ಮುಟ್ಟುಗೋಲು ಹಾಕಿಕೊಳ್ಳಲು ಸರ್ಕಾರ ದಾವೆ ಹೂಡುತ್ತಿತ್ತು. ನಷ್ಟಕ್ಕೆಂದು 1948ರಲ್ಲಿ ಬಂದ ಪರಿಹಾರ ಕಾನೂನಿನಡಿ ಬೇಡಿಕೆ ಸುಮಾರು 14.8 ಕೋಟಿ ಡಾಲರಿನದು. ಕೊಟ್ಟದ್ದು ಸುಮಾರು 3.8 ಕೋಟಿ. ಸರ್ಕಾರ ಕ್ಷಮೆ ಕೇಳಿ, ಬದುಕುಳಿದವರಿಗೆ ತಲಾ 20,000 ಡಾಲರು ಕೊಡುವುದಕ್ಕೆ 1988 ಬರಬೇಕಾಯಿತು. ಅಷ್ಟರಲ್ಲಿ ಸ್ಯಾಂಟಾ ಕ್ಲಾರಾ ಕಣಿವೆಗೆ ಸಿಲಿಕಾನ್ ಎಂಬ ಹೆಸರು ಬಂದಾಗಿತ್ತು.

ಯುದ್ಧ ಮುಗಿಯಿತು. 1947ರಲ್ಲಿ ಹ್ಯೂಸ್ ಟೋಕಿಯೊಗೆ ಹೋದರು. ಸೋತ ಜಪಾನನ್ನು ಆಳುತ್ತಿದ್ದ ಮೆಕಾರ್ಥರ್ ಆಡಳಿತದಲ್ಲಿ ಭೂಸುಧಾರಣೆಯ ಸಲಹೆಗಾರನ ಹುದ್ದೆ. ಅವರ ವಿಭಾಗದ ಮುಖ್ಯಸ್ಥ ಹ್ಯೂಬರ್ಟ್ ಶೆಂಕ್ ಎಂಬ ಸ್ಟ್ಯಾನ್‌ಫರ್ಡ್‌ನ ಭೂವಿಜ್ಞಾನದ ಪ್ರಾಧ್ಯಾಪಕ. ಕೊಲ್ಲಿ ಪ್ರದೇಶದ ಇಬ್ಬರು ಜಪಾನಿನ ಗದ್ದೆಗಳ ಭವಿಷ್ಯದ ಕಡತ ಹಿಡಿದು ಕುಳಿತಿದ್ದರು. ಅಷ್ಟುಹೊತ್ತಿಗೆ ಚೌಕಟ್ಟು ಸಿದ್ಧವಾಗಿತ್ತು. 1945ರ ಡಿಸೆಂಬರಿನಲ್ಲೇ ಮೆಕಾರ್ಥರ್ ಭೂಸುಧಾರಣೆಯ ಯೋಜನೆ ಕೊಡುವಂತೆ ಜಪಾನ್ ಸರ್ಕಾರಕ್ಕೆ ಆಜ್ಞಾಪಿಸಿದ್ದರು. ಅದರ ಹಿಂದಿದ್ದ ಬುದ್ಧಿ ಅಮೆರಿಕದ ಕೃಷಿ ಇಲಾಖೆಯ ವುಲ್ಫ್ ಲಡೆಜಿನ್ಸ್ಕಿಯದು. ಜಪಾನಿನ ಕಡೆಯಿಂದ ವಾಡಾ ಹಿರೊ ಎಂಬ ಕೃಷಿ ಇಲಾಖೆಯ ಅಧಿಕಾರಿಯದು. ಎಡಪಂಥೀಯನೆಂಬ ಗುಮಾನಿಯ ಮೇಲೆ ಯುದ್ಧಕ್ಕೆ ಮುಂಚೆ ಬಂಧನಕ್ಕೊಳಗಾಗಿದ್ದ ವಾಡಾ 1946ರಲ್ಲಿ ಕೃಷಿ ಸಚಿವರೇ ಆದರು. ಆ ವರ್ಷದ ಅಕ್ಟೋಬರಿನಲ್ಲಿ ಕಾನೂನು ಅಂಗೀಕಾರವಾಯಿತು.

ಆ ಕಾನೂನಿನ ತಿರುಳು ಇಲ್ಲಿನ ಚರ್ಚೆಗೆ ತೀರ ಹತ್ತಿರದ್ದು. ಊರಲ್ಲೇ ವಾಸವಿರುವ ಭೂಮಾಲೀಕ ಸುಮಾರು ಎರಡೂವರೆ ಎಕರೆಯನ್ನು, ಅಂದರೆ ಒಂದು ಚೋ, ಗೇಣಿಗೆ ಕೊಟ್ಟು ಉಳಿಸಿಕೊಳ್ಳಬಹುದಿತ್ತು. ಹೊಕೈಡೊದಲ್ಲಿ ಮಾತ್ರ ನಾಲ್ಕು ಚೋ. ಊರಲ್ಲಿಲ್ಲದ ಒಡೆಯನಿಗೆ ಅಂಗೈಯಗಲವೂ ಇಲ್ಲ. ಅವನ ಗೇಣಿ ಭೂಮಿ ಸಮಸ್ತವನ್ನೂ ಸರ್ಕಾರ ಕೊಂಡು ಗೇಣಿದಾರನಿಗೆ ಮಾರಿತು. ಹಣದುಬ್ಬರ ಏರುತ್ತಾ ಹೋದದ್ದರಿಂದ ಪರಿಹಾರದ ಹಣ ನಾಮಮಾತ್ರವಾಯಿತು. ಹೊಲ ಯಾರದೆಂದು ತೀರ್ಮಾನಿಸಿದ್ದು ಹತ್ತು ಸಾವಿರಕ್ಕೂ ಹೆಚ್ಚು ಹಳ್ಳಿಗಳ ಭೂಸಮಿತಿಗಳು. ಪ್ರತಿ ಸಮಿತಿಯಲ್ಲಿ ಐವರು ಗೇಣಿದಾರರು, ಮೂವರು ಭೂಮಾಲೀಕರು, ಇಬ್ಬರು ಸ್ವಂತ ಸಾಗುವಳಿಯ ರೈತರು, ಎಲ್ಲರೂ ಚುನಾಯಿತರು. ನಾಲ್ಕೈದು ವರ್ಷಗಳಲ್ಲಿ ಗೇಣಿ ಭೂಮಿಯ ಪ್ರಮಾಣ ಶೇಕಡಾ 46ರ ಆಸುಪಾಸಿನಿಂದ ಸುಮಾರು 10ಕ್ಕೆ ಇಳಿಯಿತು. ಕಾಡು ಮತ್ತು ಗುಡ್ಡದ ಒಡೆತನವನ್ನು ಕಾನೂನು ಮುಟ್ಟಲಿಲ್ಲ, ಅದು ಅದರ ದೊಡ್ಡ ಕೊರತೆ. ಆದರೂ ಇಪ್ಪತ್ತನೆಯ ಶತಮಾನದಲ್ಲಿ ರಕ್ತಪಾತವಿಲ್ಲದೆ ನಡೆದ ಇಷ್ಟು ವ್ಯಾಪಕವಾದ ಭೂ ಹಂಚಿಕೆ ಅಪರೂಪ.

ಹಾಗಾದರೆ ಹ್ಯೂಸ್ ಐದು ವರ್ಷಗಳಲ್ಲಿ ಬದಲಾದರೆ? ಅವರ ಬರಹಗಳಲ್ಲಿ ಅಂಥ ಪವಾಡವೇನೂ ಇಲ್ಲ. ವ್ಯಕ್ತಿ ಅದೇ, ದಕ್ಷತೆ ಅದೇ, ಸಹಾನುಭೂತಿಯೂ ಅದೇ. ಕ್ಯಾಲಿಫೋರ್ನಿಯದಲ್ಲಿ ಅವರ ಮೇಲೆ ಬೆಳೆಗಾರರ ಸಂಘಗಳಿದ್ದವು. ಜಪಾನಿನಲ್ಲಿ ಭೂಮಾಲೀಕ ವರ್ಗದ ಬೆನ್ನಿಗಿದ್ದ ಸೈನ್ಯವೇ ಕುಸಿದುಬಿದ್ದಿತ್ತು, ಜೊತೆಗೆ ದಶಕಗಳಿಂದ ಹೋರಾಡುತ್ತಿದ್ದ ಗೇಣಿದಾರರ ಸಂಘಗಳು ಸಮಿತಿಗಳೊಳಗೆ ಬಂದು ಕುಳಿತಿದ್ದವು. ಕ್ರಾಂತಿಯ ಭಯವೂ ಇತ್ತು. ಗೇಣಿದಾರ ಕಮ್ಯುನಿಸ್ಟನಾಗುವ ಮುಂಚೆ ಅವನನ್ನು ಒಡೆಯನನ್ನಾಗಿಸುವುದು ಮೆಕಾರ್ಥರನ ಲೆಕ್ಕಾಚಾರ. ಆ ಲೆಕ್ಕಾಚಾರದ ಉಪಯೋಗ ತೀರಿದ ಕೂಡಲೇ ಅಧಿಕಾರಿಗಳ ಬೆಲೆಯೂ ಇಳಿಯಿತು. 1954ರ ಕೊನೆಯಲ್ಲಿ ಅಮೆರಿಕದ ಕೃಷಿ ಕಾರ್ಯದರ್ಶಿ ಎಜ್ರಾ ಟಾಫ್ಟ್ ಬೆನ್ಸನ್, ಜಪಾನಿನ ಭೂಸುಧಾರಣೆಯ ಶಿಲ್ಪಿ ಲಡೆಜಿನ್ಸ್ಕಿಯನ್ನೇ ಭದ್ರತೆಗೆ ಅಪಾಯವೆಂದು ಇಲಾಖೆಯಿಂದ ಹೊರಗಿಟ್ಟರು. ಆತ ಕೊನೆಯ ವರ್ಷಗಳನ್ನು ಭಾರತದಲ್ಲಿ ಕಳೆದು, ಯೋಜನಾ ಆಯೋಗಕ್ಕಾಗಿ ಜಿಲ್ಲೆಗಳನ್ನು ಸುತ್ತಿ, ಗೇಣಿದಾರರ ಸ್ಥಿತಿಯ ಬಗ್ಗೆ ದೆಹಲಿಗೆ ಕಹಿಯಾದ ವರದಿಗಳನ್ನು ಬರೆದ.

ಟೋಕಿಯೊದಲ್ಲಿ ಸಾಧ್ಯವಾದದ್ದು ಫ್ರೆಸ್ನೊದಲ್ಲಿ ಸಾಧ್ಯವಾಗಲಿಲ್ಲ. ಸರ್ಕಾರಿ ನೀರಾವರಿಯ ನೀರು ಒಬ್ಬ ಒಡೆಯನ 160 ಎಕರೆಗೆ ಮಾತ್ರ, ಅದೂ ಅವನು ಹೊಲದಲ್ಲಿ ಇಲ್ಲವೇ ನೆರೆಯಲ್ಲಿ ವಾಸವಾಗಿದ್ದರೆ ಮಾತ್ರ ಎಂಬ ಕಾನೂನು ಅಮೆರಿಕದಲ್ಲಿ 1902ರಿಂದಲೇ ಇತ್ತು. ಬರ್ಕ್ಲಿ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಪಾಲ್ ಟೇಲರ್, ಡೊರೊಥಿಯಾ ಲ್ಯಾಂಗ್ ಅವರ ಪತಿ, 1942ರಲ್ಲಿ ಜಪಾನೀಯರ ಸ್ಥಳಾಂತರವನ್ನು ಬಹಿರಂಗವಾಗಿ ಪ್ರಶ್ನಿಸಿದ ಕೆಲವೇ ಪ್ರಾಧ್ಯಾಪಕರಲ್ಲೊಬ್ಬರು, ಈ 160 ಎಕರೆಯ ಮಿತಿಯನ್ನು ಜಾರಿಗೆ ತನ್ನಿ ಎಂದು ಕೇಳುತ್ತಲೇ ಮುದುಕರಾದರು. ಸೆಂಟ್ರಲ್ ವ್ಯಾಲಿಯ ಸಾವಿರಾರು ಎಕರೆಯ ಕಂಪನಿಗಳಿಗೆ ನೀರು ಹರಿಯುತ್ತಲೇ ಇತ್ತು. 1982ರಲ್ಲಿ ಕಾಂಗ್ರೆಸ್ಸು ಮಿತಿಯನ್ನು 960 ಎಕರೆಗೆ ಏರಿಸಿ, ವಾಸದ ಷರತ್ತನ್ನು ಕಿತ್ತುಹಾಕಿತು. ಟೇಲರ್ ಎರಡು ವರ್ಷಗಳ ಬಳಿಕ ತೀರಿಕೊಂಡರು.

ವಾಸದ ಷರತ್ತು ಎಂಬ ಈ ಸಣ್ಣ ಸಂಗತಿಯನ್ನು ಹಿಡಿದುಕೊಂಡು ಕರ್ನಾಟಕಕ್ಕೆ ಬಂದರೆ ಅಲ್ಲಿನ ಏಳು ದಶಕಗಳ ಜಗಳ ಸ್ಪಷ್ಟವಾಗುತ್ತದೆ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ದೀವರ ಒಕ್ಕಲುಗಳು ಎದ್ದುನಿಂತದ್ದು ಕೊಳಗದ ಅಳತೆಗಾಗಿ. ಬೀಜ ಕೊಡುವಾಗ ಒಂದು ಕೊಳಗ, ಗೇಣಿ ಪಡೆಯುವಾಗ ಇನ್ನೊಂದು ದೊಡ್ಡ ಕೊಳಗ. ಎಚ್. ಗಣಪತಿಯಪ್ಪ, ಶಾಂತವೇರಿ ಗೋಪಾಲಗೌಡರು ಅದನ್ನು ಹೊಲದೊಡೆತನದ ಪ್ರಶ್ನೆಯಾಗಿ ಬೆಳೆಸಿದರು. ಲೋಹಿಯಾ ಅಲ್ಲಿಗೇ ಬಂದು ಬಂಧನಕ್ಕೊಳಗಾದರು. ಮುಂದೆ 1961ರ ಭೂಸುಧಾರಣಾ ಕಾಯ್ದೆ ಬಂದಿತಾದರೂ ಸ್ವಂತ ಸಾಗುವಳಿಯ ನೆಪದಲ್ಲಿ ಗೇಣಿದಾರರನ್ನು ಎಬ್ಬಿಸಲು ಅದರಲ್ಲಿ ಬೇಕಾದಷ್ಟು ಕಿಂಡಿಗಳಿದ್ದವು. ಅರಸು ಸರ್ಕಾರದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದು, ಗೇಣಿ ಭೂಮಿಯನ್ನೆಲ್ಲ ಒಂದೇ ಏಟಿಗೆ ಸರ್ಕಾರದ ವಶಕ್ಕೆ ತಂದಿತು. ಏಳನೆಯ ನಮೂನೆಯಲ್ಲಿ ಅರ್ಜಿ ಹಾಕಿದ ಗೇಣಿದಾರ ಭೂ ನ್ಯಾಯಮಂಡಳಿಯ ಮುಂದೆ ತಾನೇ ನಿಂತು ಹೇಳಿಕೆ ಕೊಟ್ಟ. ವಕೀಲರಿಗೆ ಆರಂಭದಲ್ಲಿ ಅಲ್ಲಿ ಪ್ರವೇಶವಿರಲಿಲ್ಲ. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷನಾದರೂ ಸುತ್ತ ಊರಿನ ಸದಸ್ಯರಿದ್ದರು, ಅವರಲ್ಲಿ ಪರಿಶಿಷ್ಟರಿಗೂ ಸ್ಥಾನವಿತ್ತು. ನ್ಯಾಯಮಂಡಳಿಯ ಸದಸ್ಯರು ಚುನಾಯಿತರಲ್ಲ, ನಾಮಕರಣಗೊಂಡವರು. ಈ ದೃಷ್ಟಿಯಿಂದ ಜಪಾನಿನ ಸಮಿತಿಗಿಂತ ಒಂದು ಮೆಟ್ಟಿಲು ಕೆಳಗೆ. ಆದರೂ ಒಡೆಯನೆದುರು ಬಾಯಿ ತೆರೆಯದಿದ್ದವನು ಬಾಯಿ ತೆರೆದು ತನ್ನ ಗದ್ದೆಯ ಗಡಿ ಹೇಳಿದ ಸ್ಥಳ ಅದು.

ಆ ಕಾನೂನಿನ ಮೇಲೆ ಹೊರಿಸಬೇಕಾದ ನಿಜವಾದ ದೋಷ ಔತಣಕೂಟಗಳಲ್ಲಿ ಕೇಳಿಬರುವುದಿಲ್ಲ. ಅದು ಗೇಣಿದಾರನನ್ನು ಒಡೆಯನಾಗಿಸಿತು. ಕೂಲಿಯವನನ್ನು ಕೂಲಿಯವನಾಗಿಯೇ ಬಿಟ್ಟಿತು. ಗೇಣಿಪತ್ರವಾಗಲಿ ಬಾಯಿಮಾತಿನ ಒಕ್ಕಲುತನವಾಗಲಿ ಎಂದೂ ಸಿಗದ ದಲಿತ ಜೀತಗಾರನಿಗೆ ಏಳನೆಯ ನಮೂನೆಯಲ್ಲಿ ಬರೆಯಲು ಏನೂ ಇರಲಿಲ್ಲ. ಗದ್ದೆಯಲ್ಲಿ ಬಗ್ಗಿ ನಾಟಿ ಮಾಡಿದ ಹೆಂಗಸಿನ ಹೆಸರು ಅರ್ಜಿಯಲ್ಲಿ ವಿರಳ. ಈ ದೋಷಕ್ಕೆ ಮದ್ದು ಸುಧಾರಣೆಯನ್ನು ಮುಂದಕ್ಕೆ ಒಯ್ಯುವುದಾಗಿತ್ತು.

ನಡೆದದ್ದು ಹಿಮ್ಮುಖ ಪ್ರಯಾಣ. ಕೃಷಿಯೇತರ ಆದಾಯ ಮಿತಿ ಮೀರಿದವರು ಕೃಷಿಭೂಮಿ ಕೊಳ್ಳಬಾರದೆಂಬ 79-ಎ ಕಲಮಿನ ಆದಾಯ ಮಿತಿಯನ್ನು ಕಾಲಕಾಲಕ್ಕೆ ಹಿಗ್ಗಿಸುತ್ತಾ ಬಂದು 2015ರಲ್ಲಿ 25 ಲಕ್ಷ ರೂಪಾಯಿಗೆ ತಲುಪಿಸಿದರು. 2020ರ ಜುಲೈಯಲ್ಲಿ, ಕೊರೊನಾ ಕಾಲದಲ್ಲಿ ನಾಲ್ಕು ಜನ ಸೇರಿ ಪ್ರತಿಭಟಿಸುವುದೂ ಕಷ್ಟವಾಗಿದ್ದಾಗ, ಯಡಿಯೂರಪ್ಪ ಸರ್ಕಾರ ಸುಗ್ರೀವಾಜ್ಞೆ ತಂದು 79-ಎ, 79-ಬಿ, 79-ಸಿ ಕಲಮುಗಳನ್ನು ತೆಗೆದುಹಾಕಿತು. ಡಿಸೆಂಬರಿನಲ್ಲಿ ಅದು ಶಾಸನವೂ ಆಯಿತು. ಬೇಸಾಯಗಾರನಲ್ಲದವನು ಕೃಷಿಭೂಮಿ ಕೊಳ್ಳುವಂತಿಲ್ಲ ಎಂಬ ನಿಯಮ ಕರ್ನಾಟಕದಲ್ಲಿ ಅಂದಿಗೆ ಮುಗಿಯಿತು. ಆಗ ವಿರೋಧಪಕ್ಷದಲ್ಲಿ ಕುಳಿತು ಗುಡುಗಿದವರು 2023ರಲ್ಲಿ ಅಧಿಕಾರಕ್ಕೆ ಬಂದ ಮೇಲೆ ಅದನ್ನು ಮರಳಿ ತರುವ ಅವಸರ ತೋರಲಿಲ್ಲ. ಇದನ್ನು ಉದಾರೀಕರಣವೆಂದು ಸ್ವಾಗತಿಸಿದ ಚಪ್ಪಾಳೆಗಳಲ್ಲಿ ಕಡಲಾಚೆಯ ಚಪ್ಪಾಳೆಯೂ ಸೇರಿತ್ತು.

ಕಡಲಾಚೆಯವರಿಗೆ ಇದರಿಂದ ಲಾಭವೇನು ಎಂದು ಕೇಳಬಹುದು. ವಿದೇಶಿ ವಿನಿಮಯ ನಿಯಮಗಳ ಪ್ರಕಾರ ಅನಿವಾಸಿ ಭಾರತೀಯರಾಗಲಿ ಓಸಿಐ ಕಾರ್ಡಿನವರಾಗಲಿ ಕೃಷಿಭೂಮಿ, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ಪಿತ್ರಾರ್ಜಿತವಾಗಿ ಬಂದರೆ ಇಟ್ಟುಕೊಳ್ಳಬಹುದು. ಆದ್ದರಿಂದ ಅಪ್ಪನ ಹೆಸರು, ಅಣ್ಣನ ಹೆಸರು, ಷಡ್ಡಕನ ಹೆಸರು. ಮೊದಲು ಆ ಅಪ್ಪನೂ ಬೇಸಾಯಗಾರನೆಂದು ತೋರಿಸಬೇಕಿತ್ತು. 2020ರ ನಂತರ ಆ ತೊಡಕೂ ಇಲ್ಲ. ಜನಾಂಗದ ಕಾರಣಕ್ಕೆ ಭೂಮಿ ನಿರಾಕರಿಸಲ್ಪಟ್ಟ ಸ್ಟ್ರಾಬೆರಿ ಬೆಳೆಗಾರ ಮಕ್ಕಳ ಹೆಸರಿನಲ್ಲಿ ಹೊಲ ಕೊಂಡ, ಆ ಹೊಲದಲ್ಲೇ ಬೆನ್ನು ಬಗ್ಗಿಸಿದ. ಅದೇ ಕಣಿವೆಯಲ್ಲಿ ಷೇರು ಮಾರಿದ ಹಣದಿಂದ ಅಪ್ಪನ ಹೆಸರಿನಲ್ಲಿ ಹೊಲ ಕೊಳ್ಳುವವನು ಆ ಹೊಲವನ್ನು ವಾಟ್ಸಾಪಿನ ವಿಡಿಯೊದಲ್ಲಿ ನೋಡುತ್ತಾನೆ. ಕನಕಪುರ, ಚಿಕ್ಕಬಳ್ಳಾಪುರ, ಸಕಲೇಶಪುರಗಳ ಕಡೆ 'ಮ್ಯಾನೇಜ್ಡ್ ಫಾರ್ಮ್‌ಲ್ಯಾಂಡ್' ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿರುವುದು ಈ ಬಗೆಯ ಒಡೆತನವೇ: ಗಿಡ ನೆಡುವುದು ಕಂಪನಿ, ಬೇಲಿ ಕಾಯುವುದು ಕಂಪನಿ, ವರ್ಷಕ್ಕೊಮ್ಮೆ ಬಂದು ಮಾವಿನಕಾಯಿ ಮುಟ್ಟುವುದು ಒಡೆಯ. 1946ರ ಜಪಾನಿನ ಕಾನೂನಿನಲ್ಲಿ ಇಂಥವನಿಗೆ ಒಂದು ಚೋ ಕೂಡ ಉಳಿಯುತ್ತಿರಲಿಲ್ಲ.

ಮಾರುವವನು ರೈತನೇ, ಒಪ್ಪಿಯೇ ಮಾರುತ್ತಾನೆ, ಒಳ್ಳೆಯ ಬೆಲೆ ಸಿಗುತ್ತದೆ ಎಂಬ ಉತ್ತರ ಸಿದ್ಧವಾಗಿರುತ್ತದೆ. 1942ರ ವಸಂತದಲ್ಲಿ ಹೊಲ ಬಿಟ್ಟುಕೊಟ್ಟವರೂ ಕಾಗದಪತ್ರಗಳಿಗೆ ಸಹಿ ಹಾಕಿಯೇ ಕೊಟ್ಟರು. ಎರಡನ್ನೂ ಒಂದೇ ತಕ್ಕಡಿಯಲ್ಲಿಡಲು ಆಗದು, ನಿಜ. ಆದರೆ ಸಾಲ ತಲೆಗೇರಿದವನ, ಮಳೆ ಕೈಕೊಟ್ಟವನ, ಸುತ್ತಲಿನ ಹೊಲಗಳಿಗೆಲ್ಲ ಬೇಲಿ ಬಿದ್ದು ದನ ಮೇಯಿಸಲೂ ಜಾಗವಿಲ್ಲದವನ ಸಹಿಯನ್ನು ಇಚ್ಛೆಯೆಂದು ಕರೆಯುವವರು ಯಾವ ಒತ್ತಡದಲ್ಲಿ ಆ ಇಚ್ಛೆ ಹುಟ್ಟಿತೆಂದೂ ಹೇಳಬೇಕು. ಒತ್ತಾಯದ ಎದುರು ಒಟ್ಟಾಗಿ ನಿಂತರೆ ಇಚ್ಛೆ ಬೇರೆಯೇ ಆಗಿರುತ್ತದೆ ಎಂಬುದಕ್ಕೆ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯೇ ಸಾಕ್ಷಿ. ಕೈಗಾರಿಕೆಗೆಂದು ಗುರುತಿಸಿದ 1,777 ಎಕರೆಯನ್ನು ಕೊಡುವುದಿಲ್ಲವೆಂದು ಅಲ್ಲಿಯ ರೈತರು ಸಾವಿರಕ್ಕೂ ಹೆಚ್ಚು ದಿನ ಧರಣಿ ಕುಳಿತರು; 2025ರ ಜುಲೈಯಲ್ಲಿ ಸರ್ಕಾರ ಆ ಸ್ವಾಧೀನವನ್ನು ಕೈಬಿಡಬೇಕಾಯಿತು. ಅದನ್ನು ಕೈಬಿಡಿಸಿದ್ದು ಯಾವ ದಕ್ಷ ಅಧಿಕಾರಿಯ ಟಿಪ್ಪಣಿಯೂ ಅಲ್ಲ.

ಪ್ರಗತಿಪರರೆಂದು ಹೇಳಿಕೊಳ್ಳುವ ಅನಿವಾಸಿ ಕನ್ನಡಿಗರ ಮುಂದೆ ಈಗ ಕಷ್ಟದ ಪ್ರಶ್ನೆಯಿದೆ. ಟ್ಯಾನ್‌ಫೊರಾನ್ ಸ್ಮಾರಕದ ಮುಂದೆ ತಲೆಬಾಗುವುದು, ಕಾಗೋಡಿನ ಬಗ್ಗೆ ವಿಚಾರಸಂಕಿರಣ ನಡೆಸುವುದು ಸುಲಭ. 79-ಬಿ ಕಲಮು ಮರಳಿ ಬರಲಿ ಎಂದು ಕೇಳುವುದೆಂದರೆ ಸ್ವಂತ ಕುಟುಂಬದ ಹೂಡಿಕೆಗೆ ಅಡ್ಡ ನಿಲ್ಲುವುದು. ಅದಕ್ಕಿಂತಲೂ ತುರ್ತಾದ ಬೇಡಿಕೆ ಇನ್ನೊಂದಿದೆ. 1974ರಲ್ಲಿ ಗೇಣಿಯನ್ನೇ ನಿಷೇಧಿಸಿದ ಕರ್ನಾಟಕದಲ್ಲಿ ಇಂದು ಗುತ್ತಿಗೆ, ಪಾಲು, ಬಾಯಿಮಾತಿನ ಒಪ್ಪಂದಗಳಲ್ಲಿ ಬೇರೆಯವರ ಹೊಲ ಉಳುವವರಿಗೆ ಕಾನೂನಿನ ಕಣ್ಣಲ್ಲಿ ಅಸ್ತಿತ್ವವೇ ಇಲ್ಲ. ಊರಲ್ಲಿಲ್ಲದ ಒಡೆಯನ ಹೆಸರು ಪಹಣಿಯ ಒಂಬತ್ತನೆಯ ಕಾಲಮಿನಲ್ಲಿರುತ್ತದೆ. ಸಾಗುವಳಿದಾರನ ಹೆಸರು ಬರೆಯಬೇಕಾದ ಹನ್ನೆರಡನೆಯ ಕಾಲಮಿನಲ್ಲೂ ಬಹುಪಾಲು ಅದೇ ಹೆಸರಿರುತ್ತದೆ, ಅಥವಾ 'ಸ್ವಂತ' ಎಂಬ ಒಂದು ಶಬ್ದ. ಪಿಎಂ ಕಿಸಾನ್ ಹಣ ಭೂಮಿಯ ಒಡೆಯನ ಖಾತೆಗೆ; ಬರ ಪರಿಹಾರವೂ ಹಾಗೆಯೇ. ಬಿತ್ತಿದವನು ಬೆಳೆ ಒಣಗಿದ ವರ್ಷ ತಹಶೀಲ್ದಾರರ ಕಚೇರಿಗೆ ಹೋದರೆ, ಈ ಸರ್ವೆ ನಂಬರಿನಲ್ಲಿ ನಿನ್ನ ಹೆಸರಿಲ್ಲವಲ್ಲ ಎಂದು ವಾಪಸು ಕಳುಹಿಸುತ್ತಾರೆ. ಆ ಹನ್ನೆರಡನೆಯ ಕಾಲಮಿನಲ್ಲಿ ನಿಜವಾಗಿ ಉತ್ತವನ, ಉತ್ತವಳ ಹೆಸರು ಬರೆಸುವುದಕ್ಕೆ ವಿಧಾನಸೌಧದ ಅನುಮತಿಗಾಗಿ ಕಾಯಬೇಕಾಗಿಲ್ಲದ ಸಾವಿರಾರು ಒಡೆಯರು ಸನ್ನಿವೇಲ್, ಫ್ರೀಮಾಂಟ್, ಕ್ಯೂಪರ್ಟಿನೊಗಳಲ್ಲಿದ್ದಾರೆ. ಊರಿನಲ್ಲಿರುವ ಅಪ್ಪನಿಗೆ ಒಂದು ಫೋನು ಮಾಡಿ, ಬೆಳೆ ದಾಖಲಿಸಲು ಬಂದವರಿಗೆ ಉಳುವವರ ಹೆಸರು ಹೇಳು ಎಂದರೆ ಸಾಕು. ಹಾಗೆ ಹೇಳಿದರೆ ಗೇಣಿಯ ಹಕ್ಕು ಹುಟ್ಟೀತು ಎಂಬ ಹೆದರಿಕೆಯಿಂದ ಆ ಫೋನು ಮಾಡದಿರುವವರೇ ಹೆಚ್ಚು.